ನಮೂನೆ ಏಳು

ಶಿಡ್ಲಘಟ್ಟದ ತಾಲ್ಲೂಕು ಕಚೇರಿ, ಮಹಡಿ ಮೇಲಿನ ಕೋಣೆ.
ಹನ್ನೊಂದಕ್ಕೆ ಬಾ ಅಂದ್ರು, ಮೂರಕ್ಕೆ ಕರೆದ್ರು.
ದಿನದ ಕೂಲಿ ಹೋಯ್ತು, ಹೋಗಲಿ.
ಹೆಸರು ಹಾಜಿರಾ ಬೀ, ಗಂಡ ದಸ್ತಗೀರ್, ಹಳೇ ಗರಡಿ ಬೀದಿ.
ಕೆಲಸ ರೇಷ್ಮೆ ಬಿಚ್ಚೋದು, ಇಪ್ಪತ್ತಾರು ವರ್ಷದಿಂದ.

ನೀವು ಫೈಲು ತೆಗೆದು ಓದಿದಿರಿ ಸ್ವಾಮಿ.
ನಾನೇ ಅರ್ಜಿ ಕೊಟ್ಟೀನಂತೆ,
ನಮ್ಮ ಬೀದಿಯ ನಲವತ್ತೊಂದು ಮಂದಿ
ಊರು ಬಿಟ್ಟವ್ರೆ, ಸತ್ತವ್ರೆ, ತೆಗೆದುಹಾಕಿ ಅಂತ.
ನಮೂನೆ ಏಳು. ನಲವತ್ತೊಂದು ಹಾಳೆ.
ಒಂದೊಂದರ ಕೆಳಗೂ ಹೆಬ್ಬೆಟ್ಟು,
ನೀಲಿ ಮಸಿ, ಗೆರೆ ಗೆರೆಯಾಗಿ, ಎಷ್ಟು ಚೆಂದ.

ಸತ್ತವರಲ್ಲಿ ಮೂರನೆಯವಳು ನಮ್ಮತ್ತೆ,
ಹೊರಗೆ ಬೆಂಚಿನ ಮೇಲೆ ಎಲೆಅಡಿಕೆ ಮೆಲ್ಲುತಾವ್ಳೆ, ಕರೀಲಾ?
ಹನ್ನೊಂದನೆಯವ್ನು ಚಿಕ್ಕಪಿಳ್ಳಪ್ಪ, ಗೂಡಿನ ಮೂಟೆ ಹೊರೋನು.
ಬೆಳಗ್ಗೆ ನಿಮ್ಮ ಜೀಪಿಗೆ ದಾರಿ ಬಿಡ್ರೋ ಅಂತ ಕೂಗಿದ್ನಲ್ಲ, ಅವನೇ.
ಹದಿನೇಳನೆಯ ಹೆಸರು ನಂದು.
ನಾನಿಲ್ಲ ಅಂತ ನಾನೇ ಬರೆದುಕೊಟ್ಟೀನಿ!
ಅದನ್ನ ಓದುವಾಗ ನಿಮ್ಮ ಗುಮಾಸ್ತರಿಗೂ ಕೆಮ್ಮು ಬಂತು.

ಈಗ ನನ್ನ ಕೈ ನೋಡಿ.
ವಾಸನೆ ಬಂದ್ರೆ ಅದು ಹುಳದ್ದು, ನಂದಲ್ಲ.
ಕುದಿಯೋ ನೀರಲ್ಲಿ ಗೂಡು ತಿರುವಿ ತಿರುವಿ
ಬೆರಳ ತುದಿ ಸಿಪ್ಪೆ ಸುಲಿದ ಅವರೇಕಾಳು ಆಗೈತೆ.
ರೇಷನ್ ಅಂಗಡಿ ಮಿಷಿನ್ನು ಆರು ವರ್ಷದಿಂದ ನನ್ನ ಒಪ್ಪಿಲ್ಲ,
ಕೆಂಪು ದೀಪ ಮಿನುಗಿಸ್ತದೆ,
ಅಂಗಡಿಯವ್ನು ಮಗಳನ್ನ ಕರ್ಕೊಂಡು ಬಾ ಅಂತಾನೆ.
ಆ ಮಸಿ ಪ್ಯಾಡು ಇತ್ತ ತಳ್ಳಿ.
ಒತ್ತಿದೆ.
ನೋಡಿ, ಬರೀ ನೀಲಿ ಮಚ್ಚೆ. ಗೆರೆ ಒಂದೂ ಇಲ್ಲ.
ಹಂಗಾದ್ರೆ ಈ ಗೆರೆ ಗೆರೆ ಹೆಬ್ಬೆಟ್ಟು ಯಾರದು?

ನೀವು ಕಿಟಕಿ ಕಡೆ ನೋಡ್ತೀರಿ.
ತಂತ್ರಾಂಶ ಅಂತೀರಿ. ಗಡುವು ಇತ್ತು ಅಂತೀರಿ.
ಕ್ರಮ ಜರುಗಿಸಿದೀವಿ, ಮತಗಟ್ಟೆ ಸಿಬ್ಬಂದಿ ಅಮಾನತು ಅಂತೀರಿ.
ಯಾರನ್ನ? ಅಂಗನವಾಡಿ ಮುನಿರತ್ನಮ್ಮನ್ನ!
ಆಯಮ್ಮ ಬಿಸಿಲಲ್ಲಿ ಮನೆಮನೆಗೆ ಬಂದು,
ಹೊಸ ಸೊಸೆಯರ ಹೆಸರು ಕೇಳಿ, ಒಂದು ಲೋಟ ನೀರು ಕುಡಿದು,
'ಎಲ್ಲರೂ ಇದ್ದಾರೆ' ಅಂತ ಹಾಳೆಯಂಚಿಗೆ ಬರೆದೋಳು.
ಆ ಬರಹ ಈ ಫೈಲಲ್ಲೇ ಐತೆ,
ನಿಮ್ಮ ಹೆಬ್ಬೆರಳ ಕೆಳಗೆ.
ಹೆಬ್ಬೆರಳು ತೆಗೀರಿ.

ಅದರ ಮೇಲೆ ಹಸಿರು ಶಾಯಿ: 'ಪರಿಶೀಲಿಸಿದೆ, ತೆಗೆದುಹಾಕಿ.'
ಮಾಹಿತಿ ಹಕ್ಕಲ್ಲಿ ನಕಲು ತಂದು ಮಗಳು ಓದಿ ಹೇಳಿದ್ಲು,
ಸಂಜೆ ಆರು ಹತ್ತರಿಂದ ಆರೂವರೆ ಒಳಗೆ ನಲವತ್ತೊಂದು ರುಜು.
ತಲೆಗೆ ಅರ್ಧ ನಿಮಿಷ.
ಸ್ವಾಮಿ, ಕೆಟ್ಟ ಗೂಡು ಬಿಸಾಡೋಕೆ ಮುಂಚೆ ನಾವು
ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತೀವಿ,
ಒಳಗೆ ಏನಾದ್ರೂ ಗುಡುಗುಡು ಅಂತೈತಾ ಅಂತ.

ಎಲೆಕ್ಷನ್ ದಿನ ಮೂರು ಗಂಟೆ ಸರದಿಯಲ್ಲಿ ನಿಂತೆ.
ಎಲ್ಲ ಅಳಿಸಿಹೋದ ಈ ಕೈಮೇಲೆ
ಆ ಮಸಿ ಒಂದೇ ನಿಲ್ತಿದ್ದದ್ದು,
ಬಿಸಿನೀರಿಗೂ ಜಗ್ಗದೆ, ಉಗುರು ಬೆಳೆದು ಕತ್ತರಿಸೋ ತನಕ.
ಈ ಸಲ ಬಿಳೀ ಬೆರಳು ಮಡಚಿಕೊಂಡು ಮನೆಗೆ ಬಂದೆ,
ಯಾರೋ ಸತ್ತ ಮನೆಯಿಂದ ಬಂದಂಗೆ.

ಹೊಸ ಅರ್ಜಿ ತುಂಬು, ಸೇರಿಸ್ತೀವಿ ಅಂತೀರಿ.
ತುಂಬ್ತೀನಿ. ಅದು ನನ್ನ ಕೆಲಸ.
ಆದ್ರೆ ನಾನು ಕೇಳಿದ್ದು ನನ್ನ ಹೆಸರಲ್ಲ,
ಆ ಹಸಿರು ರುಜುವಿನ ಹೆಸರು.
ಮುನಿರತ್ನಮ್ಮನ ಹಿಂದೆ ಅವಿತುಕೊಂಡ ಹೆಸರು.
ಎಳೆಯ ತುದಿ ಒಂದು ಸಿಕ್ರೆ ಸಾಕು,
ಗೂಡು ಬಿಚ್ಚೋದು ನಮಗೆ ಗೊತ್ತು.

ಹೇಳಿಕೆ ಕೊಟ್ಟೆ ಅನ್ನೋಕೆ ಒಂದು ಸ್ವೀಕೃತಿ ಕೊಡಿ,
ಬಿಳಿ ಹಾಳೆ ನಾನೇ ತಂದೀನಿ.
ನೀವು ಜೇಬಿಂದ ಪೆನ್ನು ತೆಗೆದಿರಿ,
ಮುಚ್ಚಳ ಬಿಚ್ಚಿದಿರಿ,
ಹಾಳೆ ಮುಟ್ಟೋ ಮುಂಚೆ ಅದನ್ನ ಹಾಗೇ ಮುಚ್ಚಿ ಜೇಬಿಗಿಟ್ಟು
ಗುಮಾಸ್ತರ ಕಡೆ ಕೈ ಚಾಚಿದಿರಿ:
'ನೀಲಿ ಪೆನ್ನು ಇದ್ರೆ ಕೊಡಿ.'

ನಾನು ನೋಡಿದೆ. ಗುಮಾಸ್ತರೂ ನೋಡಿದ್ರು.

ಹೊರಗೆ ಬಂದ್ರೆ ಅತ್ತೆ ಬೆಂಚಿಂದ ಎದ್ದು ಕೇಳಿದ್ಲು,
'ಏನಂದ್ರೇ? ನಾನು ಬದುಕಿದೀನಂತಾ?'
ಇನ್ನೂ ಬರೆದುಕೊಟ್ಟಿಲ್ಲ ಅಂದೆ.
ನಾಳೆಯೂ ಬರಬೇಕು.