ಎಡಗಿವಿ

ಅರಸೀಕೆರೆ ಬಸ್ ಸ್ಟ್ಯಾಂಡಿನೆದುರು, ಎಳನೀರು ಗಾಡಿಗಳ ಹಿಂದೆ
ಬೂದುಗಲ್ಲಾಗಿ ನಿಂತವನು ನಮ್ಮಣ್ಣ ರಂಗಧಾಮ.
ಎಡಗಿವಿ ಮಾತ್ರ ನನ್ನದು.

ಮನೆಯಲ್ಲಿದ್ದದ್ದು ಒಂದೇ ಫೋಟೊ:
ಹಿಂದಿನ ಸಾಲು, ಬಲಗಿವಿಯ ಮೇಲೆ ವಾಲಿದ ಟೋಪಿ,
ಎಡಗಿವಿಗೆ ಪಕ್ಕದ ಸರ್ದಾರ್ಜಿಯ ಪೇಟ ಅಡ್ಡ.
ಪೆಟ್ಟಿಗೆ ಬಂದಾಗ
ತೆರೆಯಬೇಡಿ ಅಂದಿದ್ದರು.

"ಒಡಹುಟ್ಟಿದವರ ಕಿವಿ ಒಂದೇ ಅಚ್ಚು ಕಣಮ್ಮ,"
ಮಲ್ಲಾಚಾರ್ರು ಅಳತೆಕಡ್ಡಿ ಹಿಡಿದು ಬಂದರು.
ಓಲೆ ಬಿಚ್ಚಿ ಕೂತೆ ಮೂರು ಮಧ್ಯಾಹ್ನ,
ಒಗ್ಗರಣೆ ಸೀದರೂ ಕತ್ತು ತಿರುಗಿಸದೆ.
ಅವರ ಉಸಿರಲ್ಲಿ ಹೊಗೆಸೊಪ್ಪು, ಕಲ್ಲಿನ ಧೂಳು.
"ತೂತು ಬಿಟ್ಟುಬಿಡ್ತೀನಿ. ಸಿಪಾಯಿ, ನೋಡಿ."

ಹೇಳಬಹುದಿತ್ತು.
ಅವನಿಗೂ ಇತ್ತು ತೂತು.
ಒಂದೇ ದಿನ, ಒಂದೇ ಬೆಲ್ಲದುಂಡೆ ಮುರಿದು ಇಬ್ಬರ ಬಾಯಿಗೂ.
ಅಕ್ಕಸಾಲಿ ಮೊದಲು ಅವನಿಗೆ ಚುಚ್ಚಿದ.
"ನೋವಾಗಲ್ಲ, ಬಾರೇ" ಎಂದು
ಕಣ್ಣೀರು ಸುರಿಸುತ್ತಲೇ ಸುಳ್ಳು ಹೇಳಿದ್ದ.

ಅನಾವರಣಕ್ಕೆ ಬ್ಯಾಂಡು, ಭಾಷಣ, ತಾಲ್ಲೂಕಿನ ಏಳು ಹೆಸರು;
ಅವನದು ಐದನೆಯದು, ಇನಿಷಿಯಲ್ ತಪ್ಪು.
ಎಲ್ಲರೂ ಹೋದಮೇಲೆ ಅವ್ವ ಪೀಠ ಹತ್ತಿ ಕೈಯಾಡಿಸಿದಳು
ಮೂಗು, ಗಲ್ಲ, ಕಿವಿ.
ಕಿವಿಯ ಹಾಲೆಯಲ್ಲಿ ಬೆರಳು ನಿಂತಿತು.
ನನ್ನತ್ತ ನೋಡಿದಳು. ಏನೂ ಅನ್ನಲಿಲ್ಲ.

ಈಗ ಟೈಲರಿಂಗ್ ಅಂಗಡಿ ಮುಚ್ಚಿ ಬರುವಾಗ
ಎಳನೀರು ಹುಡುಗನ ಸ್ಟೂಲು ಕೇಳಿ ಹತ್ತುತ್ತೇನೆ,
ಹಾಲೆಯ ಮೇಲೆ ಕಾಡಿಗೆಯ ಒಂದು ಚುಕ್ಕೆ.
ಮಳೆ ಬಂದರೆ ಮತ್ತೆ.
"ದೃಷ್ಟಿಬೊಟ್ಟಾ ಅಕ್ಕ?" ಕೇಳುತ್ತಾನೆ.
ಹೂಂ ಅನ್ನುತ್ತೇನೆ.