ಜುಲೈನ ಏರಿಕೆ

ದೇವದುರ್ಗದಲ್ಲಿ ಮೇ ತಿಂಗಳು. ಆಸ್ಪತ್ರೆಯ ಕಬ್ಬಿಣದ ಗೇಟು
ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿದೆ.
ಒಳಗೆ ಈಗಷ್ಟೇ ಹುಟ್ಟಿದ ಕೂಸಿನ ಅಂಗಾಲು ತಣ್ಣಗೆ.
ಬರೆದರೆ ಯಾರು ನಂಬುತ್ತಾರೆ?

ಬರೆದೆ. 'ಹಿನ್ನೆಲೆ'ಯ ಕೆಳಗೆ:
ಮೈ ತಣ್ಣಗಾದ ಕೂಸುಗಳು ನೂರಕ್ಕೆ ಮೂವತ್ತೊಂದು.
'ವಿಧಾನ'ದ ಕೆಳಗೆ: ಹೆರಿಗೆ ಕೋಣೆಯ ಫ್ಯಾನನ್ನು
ಕೂಸು ಬರುವ ಮೊದಲೇ ನಿಲ್ಲಿಸಲಾಯಿತು.

ನಿಲ್ಲಿಸಲಾಯಿತು.
ಈ ಕ್ರಿಯಾಪದಕ್ಕೆ ಕೈಯೇ ಇಲ್ಲ.

ಹುಸೇನಮ್ಮನ ಕೈ ಅದು.
ನೆಲ ಒರೆಸುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು
"ನಮಗ ಧಗಿ, ಖರೆ. ಅದು ಹಸಿ ಮೈಲೆ ಬಂದೈತ್ರಿ,
ಅದಕ್ಕ ಗಾಳಿ ಅಂದ್ರ ಚಳಿ"
ಅಂತ ಸ್ವಿಚ್ಚು ಒತ್ತಿದಳು.
ನಾವು ಮೂವರು, ಕೊರಳ ತುಂಬ ಬೆವರು,
ಅವಳನ್ನೇ ಗದರಿದೆವು.
ಹನ್ನೊಂದು ದಿನ ಮತ್ತೆ ತಿರುಗಿತು ಫ್ಯಾನು.
ಅದು ಯಾವ ಕೋಷ್ಟಕದಲ್ಲೂ ಇಲ್ಲ.

ನಕ್ಷೆಯಲ್ಲಿ ಗೆರೆ ಇಳಿಯುತ್ತದೆ.
ಜುಲೈನಲ್ಲಿ ಮಾತ್ರ ಒಂದು ಚುಕ್ಕೆ ಮೇಲೆ ನೆಗೆದಿದೆ.
ಅಳಿಸಿಬಿಡಲೇ ಅಂದುಕೊಂಡಿದ್ದೆ, ಒಂದು ರಾತ್ರಿ.

ಮೊನ್ನೆ ಪರಿಶೀಲಕರ ಪತ್ರ ಬಂತು:
ಲೇಖನ ಉಪಯುಕ್ತ. ಜುಲೈನ ಏರಿಕೆಗೆ ಕಾರಣ ತಿಳಿಸಿ.

ಆ ವಾರ ಅಲಾಯಿ ಹಬ್ಬ.
ಹುಸೇನಮ್ಮ ಜಾಲಹಳ್ಳಿಗೆ ಹೋಗಿದ್ದಳು.

ಹಾಗೆಯೇ ಬರೆದೆ, ಎರಡೇ ಸಾಲು.
ಆಮೇಲೆ ಲೇಖಕರ ಪಟ್ಟಿ ತೆರೆದು
ಅವಳ ಹೆಸರು ತುಂಬಿದೆ, ಊರು ತುಂಬಿದೆ.
'ಪದವಿ' ಅನ್ನುವ ಚೌಕ
ಖಾಲಿ ಬಿಟ್ಟರೆ ಕೆಂಪಗಾಗುತ್ತಿದೆ.
ರಾತ್ರಿ ಒಂದೂವರೆ. ಆಚೆ ಕೋಣೆಯಲ್ಲಿ
ಯಾರೋ ಫ್ಯಾನು ಆರಿಸಿದ ಸದ್ದು.