ಎಡಗವಲು

ಓತಿಯಾ, ನಿನ್ನ ಮುಖ ಕರಗಲು ಒಂಬತ್ತು ದಿನ ಬೇಕಾಯಿತು.
ಕುತಾಯಿಸಿಯ ಈ ನೆಲಮಾಳಿಗೆಯಲ್ಲಿ
ಆಸಿಡ್ಡಿನ ತೊಟ್ಟಿಗೆ ಮುಚ್ಚಳ ಹಾಕಿ, ಮೇಲೆ ಕಲ್ಲು ಹೇರಿ,
ದಿನಕ್ಕೆರಡು ಸಲ ಬಂದು ಇಣುಕುತ್ತಿದ್ದೆ,
ಹಾಲು ಹೆಪ್ಪಾಯಿತೇ ಎಂದು ನೋಡುವವಳ ಹಾಗೆ.

ಅದಕ್ಕೂ ಮುಂಚೆ ನಿನ್ನ ಕುತ್ತಿಗೆಯ ಎರಡು ಬದಿಗೂ ಕೊಳವೆ ಕಟ್ಟಿ
ಕೆಂಪು ರಾಳ ತುಂಬಿದವಳು ನಾನೇ.
ಬೆನ್ನೆಲುಬಿನ ತೂತುಗಳಲ್ಲಿ ನುಸುಳಿ ಏರುವ
ಇನ್ನೆರಡು ಸಣ್ಣ ನಾಳಗಳಿಗೂ.
ನಾಲ್ಕು ದಾರಿ, ಒಂದೇ ತಲೆ.
ಮೂವತ್ತೊಂದು ವರ್ಷ ಪಳಗಿದ ಕೈ;
ಎಷ್ಟು ಒತ್ತಬೇಕೆಂದು ಹೆಬ್ಬೆರಳಿಗೇ ಗೊತ್ತು.

ಹತ್ತನೆಯ ಬೆಳಗ್ಗೆ ನಲ್ಲಿಯ ಸಣ್ಣ ನೀರಿನಡಿ ಹಿಡಿದೆ.
ಮೂಳೆಯೂ ಉಳಿದಿರಲಿಲ್ಲ. ಒಂದು ಕೆಂಪು ಪೊದೆ ನಿಂತಿತ್ತು:
ನೆತ್ತಿಗೆ ಕೂದಲಿಗಿಂತ ನವಿರಾದ ಬಲೆ,
ಕಿವಿಯ ಮುಂದೆ ಕಣತಲೆಗೆ ಹತ್ತುವ ಬಳ್ಳಿ,
ನಾಲಿಗೆ ಇಲ್ಲದ ಜಾಗದಲ್ಲಿ ನಾಲಿಗೆಯದೇ ಆಕಾರ,
ಗಂಟಲ ಗೂಡಿಗೆ ಹೋದ ಒಂದೆಳೆ ನೂಲು.
ಮೂರು ದನಿಯ ಹಾಡಿನಲ್ಲಿ ಕೆಳದನಿ ಹಿಡಿಯುತ್ತಿದ್ದೆಯಂತೆ,
ಇಷ್ಟೇ ಇಷ್ಟು ಕೂಳು ತಿಂದು!

ದವಡೆಯ ಅಂಚು ದಾಟಿ ಮೂಗಿನ ಪಕ್ಕಕ್ಕೆ ಹೋಗುವ ಧಮನಿ
ನೆಟ್ಟಗೆ ಹೋಗುವುದೇ ಇಲ್ಲ.
ಸಡಿಲ ಬಿಟ್ಟ ದಾರದಂತೆ ಸುತ್ತಿ ಬಳಸಿ ಏರುತ್ತದೆ.
ಬಾಯಿ ಅಗಲಿಸಿ ನಕ್ಕಾಗ
ಎಳೆದ ಕಡೆ ಬರಬೇಕು, ಹರಿಯಬಾರದು ನೋಡು.
ನಿನ್ನದರಲ್ಲಿ ಏಳು ಮಡಿಕೆ ಎಣಿಸಿ ಚೀಟಿಯಲ್ಲಿ ಬರೆದೆ.

ಆಮೇಲೆ ಎಡಗಡೆ ನೋಡಿದೆ.

ಕುತ್ತಿಗೆಯ ದೊಡ್ಡ ಧಮನಿ ಗಂಟಲಿನ ಮಟ್ಟದಲ್ಲಿ ಎರಡಾಗುತ್ತದಲ್ಲ,
ಹೊರಗವಲು ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚುತ್ತ ಹೋಗುವ ದುಂದುಗಾರ;
ಒಳಗವಲು ಕುತ್ತಿಗೆಯುದ್ದಕ್ಕೂ ಯಾರಿಗೂ ಹನಿ ಕೊಡದೆ
ಗಂಟು ಬಿಚ್ಚದೆ ಮಿದುಳಿಗೇ ಒಯ್ಯುವವನು.
ಆ ಒಳಗವಲಿನ ಬಾಯಲ್ಲೇ ರಾಳ ನಿಂತುಬಿಟ್ಟಿತ್ತು,
ಮೊಂಡಾಗಿ, ಮುರಿದ ಸೀಮೆಸುಣ್ಣದ ಹಾಗೆ.

ಷೆರ್ಮಾದಿನ್ ಕನ್ನಡಕ ಹಣೆಗೇರಿಸಿ ಬಗ್ಗಿದ.
"ಗಾಳಿಗುಳ್ಳೆ ಸಿಕ್ಕಿದೆ, ತ್ಸಿಯಾಲಾ. ಕೆಟ್ಟಿದೆ. ಎಸೆ."
ನಾನೂ ನಂಬಿದೆ. ಕೈ ನಡುಗಲು ಹತ್ತಿ ಎರಡು ಚಳಿಗಾಲ.
ಎಸೆಯಲೆಂದು ಎತ್ತಿದಾಗ
ಪೊದೆ ಮಗುಚಿ, ಬುಡ ಕಿಟಕಿಯ ಬೆಳಕಿಗೆ ಬಂತು.

ಮಿದುಳಿನ ಅಡಿಯ ಉಂಗುರ.
ಬಲಗಡೆಯ ರಾಳ ಮುಂದಿನ ಸೇತುವೆ ದಾಟಿ,
ಬೆನ್ನೆಲುಬಿನ ಆ ಸಣ್ಣವೂ ಹಿಂದಿನಿಂದ ಹತ್ತಿ ಬಂದು
ಎಡದ ಪೊದೆಯನ್ನು ತುದಿತುದಿಯವರೆಗೆ ತುಂಬಿದ್ದವು.
ಒಂದು ಚಿಗುರೂ ಬರಿದಿಲ್ಲ.
ಒಲೆ ಆರಿದ ಮನೆಗೆ ಪಕ್ಕದವರು
ಹಂಚಿನ ಚೂರಿನಲ್ಲಿ ಕೆಂಡ ದಾಟಿಸಿದ ಹಾಗೆ.
ನೂಲಿನಷ್ಟಿರಬೇಕಾದ ಸೇತುವೆ ಕಡ್ಡಿಯಷ್ಟು ದಪ್ಪ;
ಒಂದು ರಾತ್ರಿಯ ಉಪಕಾರವಲ್ಲ ಅದು,
ವರ್ಷಗಟ್ಟಲೆ ಸದ್ದಿಲ್ಲದೆ ಹೊತ್ತದ್ದು.

ಗುರುವಾರ ನಿನ್ನ ತಂಗಿ ಗುಲಿಕೋ ಬಂದಳು,
ಕಂಕುಳಲ್ಲಿ ಬಿಸಿ ರೊಟ್ಟಿ, ಕೋಟಿನ ಮೇಲೆ ಹಿಮ.
"ಅವನಿಗೆ ಗೊತ್ತಿತ್ತೇ?" ಎಂದೆ.

"ಏನು ಗೊತ್ತಿರುತ್ತೆ?
ಊಟದ ಮಧ್ಯೆ ಎದ್ದು, ಸತ್ತವರ ಹೆಸರಿಗೆ ದ್ರಾಕ್ಷಾರಸದ ಕೊಂಬು ಎತ್ತಿ,
ಒಮ್ಮೊಮ್ಮೆ ಒಂದು ಮಾತಿಗೆ ತಡವರಿಸುತ್ತಿದ್ದ.
ಕೊಂಬನ್ನು ಬಲಗೈಯಿಂದ ಎಡಗೈಗೆ ದಾಟಿಸುತ್ತಿದ್ದ.
ನಾವೆಲ್ಲ ಅದು ದುಃಖ ಅಂದುಕೊಂಡೆವು.
ನಾವೂ ಅಳುತ್ತಿದ್ದೆವು."

ಗಾಜಿನಾಚೆ ನಿನ್ನನ್ನು ಬಹಳ ಹೊತ್ತು ನೋಡಿದಳು.
"ಸೊರಗಿದ್ದಾನೆ," ಅಂದಳು.
ಆಮೇಲೆ, "ಅವನ ನಗು ಎಲ್ಲಿದೆ ಇದರಲ್ಲಿ?"

ತೋರಿಸಿದೆ.
ಗಾಜಿನ ಮೇಲೆ ಬೆರಳಿಟ್ಟು, ತುಟಿಯಲ್ಲೇ ಎಣಿಸುತ್ತ
ದವಡೆಯಿಂದ ಕಣ್ಣಿನ ಮೂಲೆಗೆ ಬಂದಳು.
"ಎಂಟು."
ಇಲ್ಲ, ಏಳು ಎಂದೆ.
ಎಂಟು, ಅಂದಳು.

ಅವಳು ಹೋದ ಮೇಲೆ ದೀಪ ಹತ್ತಿರ ತಂದು ಎಣಿಸಿದೆ.
ಚೀಟಿಯಲ್ಲಿ ಏಳನ್ನು ಹೊಡೆದುಹಾಕಿದೆ.